ಹೆಸರು ಕೇಳದಿದ್ದರೂ ಹೆದರಿಕೆ

ಪ್ರಶ್ನೆ: ಕಚೇರಿಯ 40 ಮಂದಿಗೆ ಗೂಗಲ್ ಫಾರ್ಮ್ಸ್‌ನಲ್ಲಿ ಸಮೀಕ್ಷೆ ಕಳಿಸಿದೆ. ಹೆಸರು ಕೇಳಿಲ್ಲ, ವಿಭಾಗ, ವಯಸ್ಸು, ಸೇವಾವಧಿ ಮಾತ್ರ ಕೇಳಿದ್ದೇನೆ. ಬಂದದ್ದು 9 ಉತ್ತರ, ಎಲ್ಲವೂ ‘ಚೆನ್ನಾಗಿದೆ’. ಎಲ್ಲಿ ಎಡವಿದೆ?

ಉತ್ತರ: ‘ಮಾತ್ರ’ ಎಂದಿರಲ್ಲ, ಅಲ್ಲೇ. ಮೂರೇ ಜನರಿರುವ ವಿಭಾಗದಲ್ಲಿ ವಯಸ್ಸೂ ಗೊತ್ತಾದರೆ ಹೆಸರು ಬೇರೆ ಬೇಕೆ? ವಿಭಾಗದ ಪ್ರಶ್ನೆಯೊಂದನ್ನೇ ಉಳಿಸಿ, ಅದರಲ್ಲೂ ಚಿಕ್ಕ ವಿಭಾಗಗಳನ್ನು ಒಟ್ಟುಗೂಡಿಸಿ.

ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಸಂಗ್ರಹ ಆಫ್ ಇರಲಿ. ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿ ಹಾಕಿದ್ದರೆ ಫಾರ್ಮ್ ಲಾಗಿನ್ ಕೇಳುತ್ತದೆ. ಅದರಿಂದ ಇಮೇಲ್ ನಿಮಗೆ ಸಿಗದು, ನಿಜ. ಆದರೆ ತುಂಬುವವರು ಅದನ್ನು ನಂಬುವುದಿಲ್ಲ. ಮಿತಿ ತೆಗೆಯಿರಿ. ಯಾರೋ ಎರಡು ಸಲ ತುಂಬಿಯಾರು, ತುಂಬಲಿ ಬಿಡಿ.

ಮತ್ತೆ ಕಳಿಸುವ ಮುನ್ನ ಇಬ್ಬರಿಂದ ಮೊಬೈಲಿನಲ್ಲೇ ತುಂಬಿಸಿ ನೋಡಿ.