ಫೇಯೋಲ್ ತತ್ವಗಳು: ಕಮಾಂಡ್, ಡೈರೆಕ್ಷನ್ ಗೊಂದಲಕ್ಕೆ

ಮೇಡಂ, ನಿಮ್ಮ ದ್ವಿತೀಯ ಪಿಯುಸಿ ಮಕ್ಕಳು ನಿರ್ವಹಣಾ ಶಾಸ್ತ್ರದ ಚಿಂತಕ ಹೆನ್ರಿ ಫೇಯೋಲ್‌ನ 14 ತತ್ವಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಒಂದು ಸನ್ನಿವೇಶ ಕೊಟ್ಟು ತತ್ವ ಗುರುತಿಸಿ ಅನ್ನುವ ಕೇಸ್ ಪ್ರಶ್ನೆ ಬಂದರೆ ಯೂನಿಟಿ ಆಫ್ ಕಮಾಂಡ್ ಬದಲು ಯೂನಿಟಿ ಆಫ್ ಡೈರೆಕ್ಷನ್ ಬರೆಯುತ್ತಾರೆ ಅಂದಿದ್ದೀರಿ. ನನ್ನ ತರಗತಿಯಲ್ಲೂ ಹೀಗೇ ಆಗುತ್ತಿತ್ತು. ಈಗ ನಾನು ತತ್ವದ ಹೆಸರನ್ನು ಮೊದಲು ಹೇಳುವುದೇ ಇಲ್ಲ, ಉದಾಹರಣೆಯಿಂದ ಶುರು ಮಾಡುತ್ತೇನೆ.

ಒಂದು ದರ್ಶಿನಿ ಹೋಟೆಲ್ ತೆಗೆದುಕೊಳ್ಳಿ. ದೋಸೆ ಭಟ್ಟರಿಗೆ ಮಾಲೀಕರು ಎಣ್ಣೆ ಕಡಿಮೆ ಹಾಕಿ ಅನ್ನುತ್ತಾರೆ, ಮ್ಯಾನೇಜರ್ ಜಾಸ್ತಿ ಹಾಕಿ ಅನ್ನುತ್ತಾರೆ. ಭಟ್ಟರು ಸೌಟು ಹಿಡಿದು ಸುಮ್ನೆ ನಿಲ್ಲಬೇಕಾಗುತ್ತದೆ, ಅಲ್ವಾ? ಒಬ್ಬ ಕೆಲಸಗಾರನಿಗೆ ಒಬ್ಬರೇ ಮೇಲಿನವರು, ಅದು ಕಮಾಂಡ್. ಅದೇ ಹೋಟೆಲ್ ಮದುವೆ ಊಟದ ಆರ್ಡರ್‌ಗಳನ್ನೂ ಹಿಡಿದರೆ, ಆ ಕೆಲಸಕ್ಕೆಲ್ಲ ಒಬ್ಬ ಮುಖ್ಯಸ್ಥ, ಒಂದೇ ಯೋಜನೆ. ಅದು ಡೈರೆಕ್ಷನ್.

ಕಿರುಪರೀಕ್ಷೆಯಲ್ಲಿ ತತ್ವದ ಹೆಸರಿಗೆ 1 ಅಂಕ, ಪ್ರಶ್ನೆಯ ಯಾವ ಸಾಲಿನಿಂದ ಗೊತ್ತಾಯಿತು ಅನ್ನುವುದಕ್ಕೆ 2 ಅಂಕ ಇಡಿ. ಆ ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿಸಿ.