ಮ್ಯಾಟ್ ಬಿಟ್ಟ ಮೇಲಿನ ಸಂಜೆಗಳು

ಮದ್ದೂರಿನ ಅಣ್ಣ, ಕಬಡ್ಡಿ ಆಡೋದು ನಿಲ್ಲಿಸಿ ಕೋಚ್ ಆದ ಮೇಲೂ ಮನೆಗೆ ಸಮಯ ಸಿಗ್ತಿಲ್ಲ, ಹಳೇ ಟೀಮಿನವರೂ ದೂರವಾದರು, ಏನ್ಮಾಡ್ಲಿ ಅಂತ ಕೇಳಿದ್ದೀರಿ. ಮಂಡ್ಯದಲ್ಲಿ ನಾನೂ ಇದೇ ಪಾಡು ಪಟ್ಟವನು. ಆಡುವಾಗ 20 ನಿಮಿಷದ ಎರಡು ಅವಧಿ, ಅಲ್ಲಿಗೆ ಮುಗೀತು. ಕೋಚಿಂಗ್ ಹಾಗಲ್ಲ, ಊಟಕ್ಕೆ ಕೂತಾಗಲೂ ಯಾವುದೋ ಹುಡುಗನ ಆ್ಯಂಕಲ್ ಹೋಲ್ಡ್, ಅಂದ್ರೆ ಎದುರಾಳಿಯ ಕಾಲಿನ ಗಿಣ್ಣು ಹಿಡಿಯೋ ಪಟ್ಟು, ತಲೆಯಲ್ಲೇ ಸುತ್ತುತ್ತೆ. ಒಂದಿನ ಮಗಳು, ‘ಅಪ್ಪ, ನಿನ್ ಟೀಮಿಗೆ ಸೇರ್ಕೊಂಡ್ರೆ ನನ್ ಜೊತೆನೂ ಮಾತಾಡ್ತೀಯಾ?’ ಅಂದಳು. ಕರುಳು ಚುರುಕ್ ಅಂತು. ಅವತ್ತಿಂದ ವಾರಕ್ಕೆರಡು ಸಂಜೆ ಅಭ್ಯಾಸ ಹಿರಿಯ ಹುಡುಗರ ಕೈಗೆ ಬಿಟ್ಟಿದ್ದೀನಿ. ಚೆನ್ನಾಗೇ ನಡೆಸ್ತಾರೆ, ನೀವೂ ನಂಬಿ ಬಿಡಿ.

ಗೆಳೆಯರಿಗೆ ನೀವೇ ಫೋನ್ ಮಾಡಿ. ಒಂದು ಪಾಯಿಂಟ್ ತಂದು, ಔಟಾಗಿ ಕೂತವನನ್ನು ಮತ್ತೆ ಅಂಕಣಕ್ಕೆ ಕರೆಸುವ ಆಟ ನಮ್ಮದು. ಅವರೂ ಹಾಗೇ ಕಾಯ್ತಾ ಕೂತಿರ್ತಾರೆ, ಅಣ್ಣ.