ರೆಡಿಂಗ್‌ನ ಹಳೇ ಮನೆ, ಜನವರಿಯ ಗ್ಯಾಸ್ ಬಿಲ್

ನಮಸ್ಕಾರ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ವಿಕ್ಟೋರಿಯಾ ರಾಣಿ ಕಾಲದ ಟೆರೇಸ್ ಮನೆ (ಗೋಡೆ ಹಂಚಿಕೊಂಡು ಸಾಲಾಗಿ ನಿಂತ ಮನೆಗಳಲ್ಲೊಂದು) ಬಾಡಿಗೆಗೆ ಹಿಡಿದಿದ್ದೀರಿ, ದಿನವಿಡೀ ಹೀಟಿಂಗ್ ಹಾಕಿದರೂ ಕಾಲು ಕೊರೆಯುತ್ತೆ, ಗ್ಯಾಸ್ ಬಿಲ್ ನೋಡಿ ಗಾಬರಿಯಾಗಿದೆ, ನಾವೇ ಏನಾದರೂ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಆದರೆ ಎಲೆಕ್ಟ್ರಿಕ್ ಹೀಟರ್ ತರುವ ಯೋಚನೆ ಸದ್ಯಕ್ಕೆ ಬಿಡಿ. ಇಲ್ಲಿ ಒಂದು ಯೂನಿಟ್ ಕರೆಂಟಿನ ಬೆಲೆ ಗ್ಯಾಸಿನ ಯೂನಿಟ್‌ಗಿಂತ ಹಲವು ಪಟ್ಟು ಹೆಚ್ಚು.

ಮೊದಲು ಗಾಳಿ ನುಗ್ಗುವ ಜಾಗ ಹುಡುಕಿ. ಜೋರು ಗಾಳಿಯಿರುವ ಸಂಜೆ ಊದುಬತ್ತಿ ಹಚ್ಚಿ ಕಿಟಕಿ ಚೌಕಟ್ಟು, ಮುಂಬಾಗಿಲ ಅಂಚು, ಟಪಾಲು ಹಾಕುವ ಕಂಡಿ, ಲಾಫ್ಟಿನ (ಅಟ್ಟದ) ಮುಚ್ಚಳ, ಗೋಡೆಗೂ ನೆಲಕ್ಕೂ ನಡುವಿನ ಸಂದು, ಎಲ್ಲದರ ಬಳಿ ಹಿಡಿಯಿರಿ (ಪರದೆ ದೂರ ಸರಿಸಿ). ಹೊಗೆ ನೆಟ್ಟಗೆ ಏರದೆ ಅಲುಗಾಡಿದ ಕಡೆ ಪಟ್ಟಿ ಬೇಕು. ಅಂಟಿನ ಫೋಮ್ ಪಟ್ಟಿ, ಬಾಗಿಲ ಕೆಳಗಿನ ಬ್ರಷ್ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಬೆಂಕಿ ಹಾಕದ ಹಳೇ ಅಗ್ಗಿಷ್ಟಿಕೆ ಇದ್ದರೆ ಅದರ ಚಿಮಣಿಯಿಂದ ಬೆಚ್ಚನೆ ಗಾಳಿ ಸದಾ ಮೇಲೆ ಹೋಗುತ್ತಿರುತ್ತೆ. ಅದಕ್ಕೆಂದೇ ಗಾಳಿ ತುಂಬುವ ಬಲೂನು ಸಿಗುತ್ತೆ, ತುರುಕಿಡಿ.

ಆದರೆ ಹೊರಗೋಡೆಯ ಬುಡದಲ್ಲಿ ತೂತಿರುವ ಇಟ್ಟಿಗೆಗಳು ಕಾಣುತ್ತವಲ್ಲ, ಅವನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಹಲಗೆ ನೆಲದ ಕೆಳಗೆ ಗಾಳಿ ಆಡದಿದ್ದರೆ ಮರ ಕೊಳೆಯುತ್ತೆ.

ಆಮೇಲೆ ಬಾಯ್ಲರ್, ಅಂದರೆ ಗ್ಯಾಸಿನಲ್ಲಿ ನೀರು ಕಾಯಿಸಿ ರೇಡಿಯೇಟರ್‌ಗಳಿಗೆ ಕಳಿಸುವ ಯಂತ್ರ. ರೇಡಿಯೇಟರ್ ಚಿತ್ರವಿರುವ ತಿರುಗಣೆಯನ್ನೋ ಗುಂಡಿಯನ್ನೋ ನೋಡಿ. ಎಷ್ಟೋ ಮನೆಗಳಲ್ಲಿ 75-80 ಡಿಗ್ರಿಗೆ ಇಟ್ಟಿರುತ್ತಾರೆ. ನಿಮ್ಮದು ಕಾಂಬಿ ಬಾಯ್ಲರ್ (ಬೇರೆ ಟ್ಯಾಂಕ್ ಇಲ್ಲದೆ, ನಲ್ಲಿ ತಿರುಗಿಸಿದಾಗಲೇ ನೀರು ಕಾಯಿಸುವಂಥದ್ದು) ಆಗಿದ್ದರೆ 60ಕ್ಕೆ ಇಳಿಸಿ. ಕಂಡೆನ್ಸಿಂಗ್ ಬಾಯ್ಲರ್ (ಈಗಿನ ಕಾಂಬಿಗಳು ಸಾಮಾನ್ಯವಾಗಿ ಇವೇ) ತನ್ನ ಹೊಗೆಯಲ್ಲಿರುವ ನೀರಾವಿಯಿಂದಲೂ ಶಾಖ ಹೀರಿಕೊಳ್ಳುತ್ತೆ, ಆದರೆ ರೇಡಿಯೇಟರ್ ಸುತ್ತಿ ವಾಪಸ್ ಬರುವ ನೀರು ಸುಮಾರು 55ಕ್ಕಿಂತ ತಣ್ಣಗಿದ್ದರೆ ಮಾತ್ರ. ಮನೆ ಬಿಸಿಯಾಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತೆ, ಆದರೂ ಗ್ಯಾಸ್ ಉಳಿಯುತ್ತೆ. ಬಿಸಿನೀರು ತುಂಬಿಡುವ ಸಿಲಿಂಡರ್ (ಟ್ಯಾಂಕು) ಬೇರೆಯಿದ್ದರೆ ಇದನ್ನು ಮಾಡಬೇಡಿ, ಅಲ್ಲಿನ ನೀರು 60 ಡಿಗ್ರಿ ಮುಟ್ಟಲೇಬೇಕು, ಇಲ್ಲದಿದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ. ಬಾಯ್ಲರ್ ಕವಚ ಬಿಚ್ಚುವ ಯಾವ ಕೆಲಸವೂ ನಮ್ಮದಲ್ಲ, ಅದಕ್ಕೆ 'ಗ್ಯಾಸ್ ಸೇಫ್' ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಾಯಿಸಿದ ಗ್ಯಾಸ್ ತಂತ್ರಜ್ಞರೇ ಬೇಕು.

ನಮ್ಮವರ ಮನೆಗಳಲ್ಲಿ ನನಗೆ ಅತಿ ಹೆಚ್ಚು ಚಿಂತೆ ತರುವುದು ತೇವ. ಅನ್ನ, ಸಾರು, ಇಡ್ಲಿ ಹಬೆಯೆಲ್ಲ ಒಳಗೇ, ಒಗೆದ ಬಟ್ಟೆ ರೇಡಿಯೇಟರ್ ಮೇಲೆ, ಚಳಿಗೆ ಹೆದರಿ ಕಿಟಕಿ ಮೇಲಂಚಿನ ಗಾಳಿಕಂಡಿಯೂ ಬಂದ್. ಆ ನೀರೆಲ್ಲ ತಣ್ಣನೆ ಗೋಡೆಗೆ ಹತ್ತಿ, ಬೀರುವಿನ ಹಿಂದೆ ಕಪ್ಪು ಬೂಷ್ಟು ಬರುತ್ತೆ, ಮಕ್ಕಳಿಗೆ ಕೆಮ್ಮು ಬಿಡೋದೇ ಇಲ್ಲ. ಪಾತ್ರೆಗೆ ಮುಚ್ಚಳ ಹಾಕಿ, ಅಡುಗೆ ಮುಗಿದ ಮೇಲೂ ಎಕ್ಸಾಸ್ಟ್ ಫ್ಯಾನ್ ಸ್ವಲ್ಪ ಹೊತ್ತು ಓಡಲಿ, ಬಟ್ಟೆ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿ ಕಿಟಕಿ ಸಂದು ಬಿಟ್ಟು ಒಣಗಿಸಿ. ಬೀರು ಗೋಡೆಯಿಂದ ಒಂದು ಗೇಣು ಆಚೆ ಇರಲಿ. ಉಳಿತಾಯದ ಆಸೆಗೆ ಒಂದು ಕೋಣೆ ಮಾತ್ರ ಬಿಸಿ ಮಾಡಿ ಉಳಿದದ್ದನ್ನು ಪೂರ್ತಿ ತಣ್ಣಗೆ ಬಿಟ್ಟರೂ ಬೂಷ್ಟು ಅಲ್ಲೇ ಏಳುತ್ತೆ. ಪುಟ್ಟ ಮಗುವಿದೆ ಅಂದಿರಿ, ಮನೆ 18 ಡಿಗ್ರಿಗಿಂತ ಕೆಳಗೆ ಹೋಗಲು ಬಿಡಬೇಡಿ.

ದೊಡ್ಡ ಕೆಲಸ ಮನೆ ಮಾಲೀಕರದ್ದು. ಲಾಫ್ಟಿನಲ್ಲಿ ಶಾಖ ತಡೆಯುವ ಉಣ್ಣೆಯಂಥ ಹೊದಿಕೆ 270 ಮಿಲಿಮೀಟರ್ ದಪ್ಪ ಇರಬೇಕು ಅಂತ ಇಲ್ಲಿನ ಸಲಹೆ. ಮೇಲೆ ಹತ್ತಿ ನೋಡಿ, ತೆಳ್ಳಗಿದ್ದರೆ ಫೋಟೊ ತೆಗೆದು ಬಾಡಿಗೆ ಏಜೆಂಟರಿಗೆ ಕಳಿಸಿ. ಮನೆಯ ಇಪಿಸಿ ಪ್ರಮಾಣಪತ್ರವನ್ನು (ಮನೆ ಇಂಧನವನ್ನು ಎಷ್ಟು ಮಿತವಾಗಿ ಬಳಸುತ್ತೆ ಅಂತ 'ಎ'ಯಿಂದ 'ಜಿ'ವರೆಗೆ ದರ್ಜೆ ಕೊಡುವ ಪತ್ರ) ಸರ್ಕಾರದ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿ ಪುಕ್ಕಟೆ ನೋಡಬಹುದು. ಇಂಗ್ಲೆಂಡಿನಲ್ಲಿ ಏಪ್ರಿಲ್ 2020ರಿಂದ, ವಿನಾಯಿತಿ ನೋಂದಾಯಿಸದ ಹೊರತು, 'ಇ' ದರ್ಜೆಗಿಂತ ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ. 'ಎಫ್' ಅಥವಾ 'ಜಿ' ಕಂಡರೆ ಏಜೆಂಟರಿಗೆ ಬರಹದಲ್ಲೇ ಕೇಳಿ, ಜತೆಗೆ ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೂ ತಿಳಿಸಿ. ಕೇಳಿದರೆ ಮನೆ ಬಿಡಿಸುತ್ತಾರೇನೋ ಅಂತ ಸುಮ್ಮನಿರಬೇಡಿ, ಇದು ನಿಮ್ಮ ಹಕ್ಕು.

ಬಾಯ್ಲರಿನ ಮಾದರಿ ಹೆಸರು ಬರೆದು ಕಳಿಸಿ, ಯಾವ ಗುಂಡಿ ಅಂತ ನೋಡಿ ಹೇಳುತ್ತೇನೆ.